ಅಪ್ಪ ಕೆಮ್ಮಿದರೆ ಕೂಸು ಅಳುತ್ತಿತ್ತು

ಹೋದ ವಾರ ನಮ್ಮ ಶಾಲೆಯ ಹೊಸ ಡ್ರಾಯಿಂಗ್ ಮೇಷ್ಟರು ತಮ್ಮ ಗಂಡುಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಸೀದಾ ಉಪಾಧ್ಯಾಯರ ಕೋಣೆಗೇ ಬಂದುಬಿಟ್ಟರು. ಹೆಂಡತಿಗೆ ಜ್ವರವಂತೆ, ರಜಾ ಚೀಟಿ ಕೊಟ್ಟು ಹೋಗೋಣವೆಂದು ಬಂದರಂತೆ. "ಒಂದು ನಿಮಿಷ ಹಿಡ್ಕೊಳಿ ಸಾರ್, ಹೆಡ್‌ಮೇಷ್ಟ್ರನ್ನ ಕಂಡು ಬಂದ್ಬುಟ್ಟೆ" ಎಂದು ಮಗುವನ್ನು ನನ್ನ ಕಡೆ ಚಾಚಿದರು. ನಾನು ಕೈ ಚಾಚುವ ಮೊದಲು ಬಾಗಿಲ ಕಡೆ ನೋಡಿದೆ. ಆಮೇಲೆ ಕಿಟಕಿಯ ಕಡೆ ನೋಡಿದೆ. ಯಾರೂ ಬರುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಎತ್ತಿಕೊಂಡೆ. "ಯಾರಾದ್ರೂ ಬರೋದಿತ್ತಾ ಸಾರ್?" ಎಂದು ಕೇಳಿದರು. ಇಲ್ಲ ಎಂದೆ. ಯಾರು ಬರಬೇಕು? ಕೂಸೊಂದನ್ನು ಎತ್ತಿಕೊಳ್ಳುವ ಮೊದಲು ಸುತ್ತ ನೋಡುವುದು ನನಗೆ ಅಂಟಿಕೊಂಡ ಚಾಳಿ, ಅಷ್ಟೆ. ನನ್ನ ಮಗಳು ಸರೋಜ ಈಗ ಮಿಡ್ಲ್ ಸ್ಕೂಲಿನಲ್ಲಿ ಓದುತ್ತಿದ್ದಾಳೆ, ಎರಡು ಜಡೆ ಹಾಕಿಕೊಂಡು ನನಗೇ ಬುದ್ಧಿ ಹೇಳುತ್ತಾಳೆ. ಆದರೂ ಆ ಚಾಳಿ ಹೋಗಿಲ್ಲ.

ಈಗಿನ ಹುಡುಗರಿಗೆ ಇದನ್ನು ಹೇಗೆ ತಿಳಿಸುವುದೋ ಕಾಣೆ. ನಮ್ಮ ಮನೆಗಳಲ್ಲಿ ಗಂಡಸಾದವನು ಹೆತ್ತವರ ಎದುರಿಗೆ ತನ್ನ ಮಗುವನ್ನು ಎತ್ತಿಕೊಳ್ಳುವಂತಿರಲಿಲ್ಲ. ಅಕ್ಕನ ಮಗುವನ್ನು ಎತ್ತಿಕೊಳ್ಳಬಹುದು, ಅಣ್ಣನ ಮಗುವನ್ನು ಕುಣಿಸಬಹುದು, ಬೀದಿಯಲ್ಲಿ ಹೋಗುವ ಮಗುವಿನ ಮೂಗನ್ನೂ ಒರೆಸಬಹುದು. ತನ್ನದನ್ನು ಮಾತ್ರ ಮುಟ್ಟಬಾರದು. ಇದನ್ನು ಯಾರೂ ನಮಗೆ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಉಪ್ಪು ಎಡಗೈಯಲ್ಲಿ ಬಡಿಸಬಾರದು ಎನ್ನುವುದು ಹೇಗೆ ಗೊತ್ತಿತ್ತೋ ಹಾಗೇ ಇದೂ ಗೊತ್ತಿತ್ತು. ಮಗುವನ್ನು ಎತ್ತಿಕೊಂಡು ಅಪ್ಪನ ಮುಂದೆ ನಿಲ್ಲುವುದೆಂದರೆ ಹೆಂಡತಿಯ ಕೈ ಹಿಡಿದುಕೊಂಡು ಅಪ್ಪನ ಮುಂದೆ ನಿಂತಷ್ಟೇ ನಾಚಿಕೆಗೇಡು. ನಮ್ಮ ಸೋದರಮಾವನ ಮಗ ಸಿದ್ದಪ್ಪ ಒಮ್ಮೆ ಹಟಮಾಡುತ್ತಿದ್ದ ತನ್ನ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೀದಿಯ ತುದಿಯ ಅಂಗಡಿಯವರೆಗೆ ಹೋಗಿಬಂದ. ಪಾಪ, ಬೆಲ್ಲ ತರಲು ಹೋಗಿದ್ದು. ಅವತ್ತಿನಿಂದ ಅವನು ಇಡೀ ಕೊಪ್ಪಲಿಗೆ ಸೂಲಗಿತ್ತಿ ಸಿದ್ದಪ್ಪ. ಈಗಲೂ ಬರೀ ಸಿದ್ದಪ್ಪ ಎಂದು ಕೇಳಿದರೆ ಅವನ ಮನೆಯನ್ನು ಯಾರೂ ತೋರಿಸುವುದಿಲ್ಲ.

ಆಗ ನಾವಿದ್ದದ್ದು ಮೈಸೂರಿನ ಸರಸ್ವತಿಪುರಂ ಪಕ್ಕದ ಒಂದು ಕೊಪ್ಪಲಿನಲ್ಲಿ, ಊರಿಗೆ ಅಂಟಿಕೊಂಡಿದ್ದ ಸಣ್ಣ ಹಳ್ಳಿ ಅದು. ಸರಸ್ವತಿಪುರಂನಲ್ಲಿ ಕಾಂಪೌಂಡು ಹಾಕಿದ ಹೊಸ ಹೊಸ ಮನೆಗಳು ಏಳುತ್ತಿದ್ದವು. ಅಲ್ಲಿ ಗುಮಾಸ್ತರು, ಲೆಕ್ಚರರು ಬಂದು ನೆಲೆಸುತ್ತಿದ್ದರು. ರಸ್ತೆಯ ಇತ್ತ ಕಡೆ ನಾವು, ನಮ್ಮ ದನ, ನಮ್ಮ ಹುಲ್ಲುಮೆದೆ. ಅಪ್ಪ ಹಳ್ಳಿಯಿಂದ ಸೌದೆ ಗಾಡಿ ಹೊಡೆದುಕೊಂಡು ಮೈಸೂರಿಗೆ ಬರುತ್ತಿದ್ದವರು, ಬರುತ್ತಾ ಬರುತ್ತಾ ಇಲ್ಲೇ ನಿಂತು ಒಂದು ಸೌದೆ ಡಿಪೋ ಇಟ್ಟಿದ್ದರು. ಆ ಹೊಸ ಮನೆಗಳ ಬಚ್ಚಲ ಒಲೆಗಳೆಲ್ಲ ನಮ್ಮ ಸೌದೆಯಿಂದ ಉರಿಯುತ್ತಿದ್ದವು. ನಾನು ಓದಿ ಪ್ರೈಮರಿ ಶಾಲೆಯ ಮೇಷ್ಟರಾಗಿದ್ದೆ. ಊರಿನ ಮಕ್ಕಳನ್ನೆಲ್ಲ ತೊಡೆಯ ಮೇಲೆ ಕೂರಿಸಿಕೊಂಡು ಕೈ ಹಿಡಿದು ಅಕ್ಷರ ತಿದ್ದಿಸುತ್ತಿದ್ದವನಿಗೆ ಮನೆಯಲ್ಲಿ ಈ ಪಾಡು.

ಅಪ್ಪನ ಬಗ್ಗೆ ಎರಡು ವಿಷಯ ಹೇಳಬೇಕು. ಒಂದು ಅವರ ಮೀಸೆ. ತುದಿ ತಿರುವಿದ, ದಪ್ಪನೆಯ, ಕಾಫಿ ಕುಡಿದಾಗ ಅರ್ಧ ಕಾಫಿಯನ್ನು ತಾನೇ ಕುಡಿಯುತ್ತಿದ್ದ ಮೀಸೆ. ಎರಡನೆಯದು ಅವರ ಕೆಮ್ಮು. ಸಂಜೆ ಡಿಪೋದಿಂದ ಬಂದವರು ಬೀದಿ ಗೇಟಿನ ಹತ್ತಿರ ನಿಂತು, ದೊಡ್ಡದಾಗಿ ಕೆಮ್ಮಿ, ಟವಲಿನಿಂದ ತಲೆಯ ಮೇಲಿನ ಸೌದೆ ಪುಡಿಯನ್ನು ಕೊಡವಿ, ಚಪ್ಪಲಿ ಬಿಟ್ಟು, ನಿಧಾನವಾಗಿ ಒಳಗೆ ಬರುತ್ತಿದ್ದರು. ಸೌದೆಯ ಧೂಳು ಗಂಟಲಿಗೆ ಹೋಗಿ ಹೋಗಿ ಕೆಮ್ಮು ಅಂಟಿಕೊಂಡಿದೆ ಎಂದು ನಾನು ತಿಳಿದಿದ್ದೆ. ಒಮ್ಮೆ ಜ್ಯೇಷ್ಠಮಧುವಿನ ಕಡ್ಡಿಯನ್ನೂ ತಂದುಕೊಟ್ಟೆ. ಅಪ್ಪ ಅದನ್ನು ಮೂಸಿ ನೋಡಿ, "ಸೌದೆ ಚೆನ್ನಾಗದೆ, ಎಲ್ಲೀದು?" ಎಂದು ಕೇಳಿ ಕಿವಿಯ ಮೇಲೆ ಸಿಕ್ಕಿಸಿಕೊಂಡು ಹೋದರು.

ಸರೋಜ ಹುಟ್ಟಿದ್ದು ನನ್ನ ಹೆಂಡತಿ ಜಯಮ್ಮನ ತವರಿನಲ್ಲಿ. ನೋಡಲು ಹೋದಾಗ ಅತ್ತೆಯವರು ಮಗುವನ್ನು ಚಾಪೆಯ ಮೇಲೆ ನನ್ನ ಮುಂದೆ ಮಲಗಿಸಿ ಬಾಗಿಲ ಹಿಂದೆ ಸರಿದು ನಿಂತರು. ನಾನು ಏನಾದರೂ ಹೇಳಬೇಕಿತ್ತು. "ಚೆನ್ನಾಗಿದೆ" ಎಂದೆ, ಅಂಗಡಿಯವನು ಬಿಚ್ಚಿ ತೋರಿಸಿದ ಸೀರೆಗೆ ಹೇಳುವ ಹಾಗೆ. ಬಾಗಿಲ ಹಿಂದೆ ಜಯಮ್ಮನ ತಂಗಿಯರು ಕಿಸಕ್ಕನೆ ನಕ್ಕರು. ಕೊಟ್ಟ ಕಾಫಿಯನ್ನೂ ಪೂರ್ತಿ ಕುಡಿಯದೆ ಮೈಸೂರು ಬಸ್ಸು ಹತ್ತಿದೆ.

ಬಾಣಂತನ ಮುಗಿಸಿ ತಾಯಿ ಮಗು ನಮ್ಮ ಮನೆಗೆ ಬಂದ ಮೇಲೆ ನನ್ನ ಜಾಗ ನಡುಮನೆಯ ಕಂಬದ ಹತ್ತಿರ, ಕೈಯಲ್ಲಿ ಪೇಪರು. ಮಗು ಅಪ್ಪನ ತೊಡೆಯ ಮೇಲೋ ಅವ್ವನ ಕಾಲ ಮೇಲೋ ಇರುತ್ತಿತ್ತು. ಮುಟ್ಟುವ ಹಾಗಿಲ್ಲದ್ದರಿಂದ ಒಂದು ಲಾಭವಾಯಿತು. ಆ ಕೂಸು ಏನು ಯೋಚಿಸುತ್ತಿದೆ ಎಂದು ನೋಡುವುದಕ್ಕೆ ನನಗೆ ಬೇಕಾದಷ್ಟು ಪುರುಸೊತ್ತು ಸಿಕ್ಕಿತು. ಯೋಚಿಸುತ್ತದೆಯೇ ಎಂದು ನೀವು ಕೇಳಬಹುದು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ, ಹಾಲು ಕುಡಿದು ಮಲಗುವ ಪ್ರಾಣಿಗೆ ಏನು ಯೋಚನೆ ಎಂದು. ಪೇಪರಿನ ಅಂಚಿನಿಂದ ನೋಡುತ್ತಾ ನೋಡುತ್ತಾ ಗೊತ್ತಾಯಿತು, ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಯೋಚಿಸುತ್ತಿದ್ದದ್ದು ಅದೇ.

ಹೆಂಚಿನ ನಡುವಿನ ಗಾಜಿನಿಂದ ನೆಲದ ಮೇಲೆ ಬಿಸಿಲು ಬೀಳುತ್ತಿತ್ತು. ಆ ಬಿಸಿಲ ತುಂಡನ್ನು ಎತ್ತಿಕೊಳ್ಳಲು ಅವಳು ಎಷ್ಟು ದಿನ ಒದ್ದಾಡಿದಳೋ. ಬೆರಳು ಮಡಚಿ ಹಿಡಿಯುವಳು, ಮುಷ್ಟಿ ಬಿಚ್ಚಿ ನೋಡುವಳು, ಇಲ್ಲ. ನೆಲವನ್ನು ನೋಡುವಳು, ಅಲ್ಲೇ ಇದೆ. ಅಳುತ್ತಿರಲಿಲ್ಲ, ಹುಬ್ಬು ಗಂಟಿಕ್ಕಿಕೊಂಡು ಮತ್ತೆ ಹಿಡಿಯುವಳು. ನನ್ನ ಶಾಲೆಯಲ್ಲಿ ಅಷ್ಟು ಶ್ರದ್ಧೆಯ ಹುಡುಗ ಒಬ್ಬನೂ ಇರಲಿಲ್ಲ. ಅವ್ವ ರಾಗಿಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿದರೆ ಬಾಯಿ ಚಪ್ಪರಿಸುತ್ತಿದ್ದಳು. ರಾಗಿಸರಿ ಬೇಯಲು ಇನ್ನೂ ಎಷ್ಟೋ ಹೊತ್ತು ಬೇಕು, ಅವಳ ಲೆಕ್ಕದಲ್ಲಿ ಮಾತ್ರ ಮುಚ್ಚಳದ ಸದ್ದೇ ರಾಗಿಸರಿಯನ್ನು ತರುತ್ತಿತ್ತು. ಹಿತ್ತಿಲಲ್ಲಿ ಹಸುವಿನ ಗಂಟೆ ಅಲ್ಲಾಡಿದರೆ ಹಾಲು ಬರುತ್ತದೆ, ಜಯಮ್ಮ ಸೆರಗು ಬಿಗಿದರೆ ಸ್ನಾನ ಬರುತ್ತದೆ. ಒಂದರ ಹಿಂದೆ ಇನ್ನೊಂದು ಬಂದರೆ ಸಾಕು, ಮೊದಲನೆಯದೇ ಎರಡನೆಯದನ್ನು ಕರೆತಂದಿತು ಎಂದು ಅವಳು ತೀರ್ಮಾನಿಸುತ್ತಿದ್ದಳು. ಈ ತೀರ್ಮಾನ ಮುಂದೆ ನನ್ನ ಮಾನ ಕಳೆಯುತ್ತದೆಂದು ನನಗೆ ಗೊತ್ತಿರಲಿಲ್ಲ.

ಸಂಜೆ ಕೈಕಾಲು ತೊಳೆದು ಬಂದರೆ ಅಪ್ಪನಿಗೆ ಅವಳೇ ಲೋಕ. "ನಮ್ಮವ್ವ ಎಲ್ಲವ್ಳೆ?" ಎಂದುಕೊಂಡೇ ಒಳಗೆ ಬರುತ್ತಿದ್ದರು. ಎರಡು ತೆಂಗಿನ ಚಿಪ್ಪು ಬೋರಲು ಹಾಕಿ, ಒಂದರ ಕೆಳಗೆ ಅವಳ ಕಣ್ಣೆದುರೇ ಬಳೆ ಇಡುವುದು. ಅವಳು ಚಿಪ್ಪು ಎತ್ತಿ ಬಳೆ ತೆಗೆದು ಕೇಕೆ ಹಾಕುವುದು. ಕೆಲವು ಸಲ ಹಾಗೆ ಆದ ಮೇಲೆ ಅಪ್ಪ ಅವಳು ನೋಡುತ್ತಿರುವ ಹಾಗೇ ಬಳೆಯನ್ನು ಇನ್ನೊಂದು ಚಿಪ್ಪಿನ ಕೆಳಗೆ ಇಡುತ್ತಿದ್ದರು. ಅವಳು ಕಣ್ಣಾರೆ ನೋಡಿಯೂ ಮೊದಲಿನ ಚಿಪ್ಪನ್ನೇ ಎತ್ತಿ, ಬಳೆ ಇಲ್ಲದ್ದನ್ನು ಕಂಡು ಬೆಪ್ಪಾಗಿ ತಾತನ ಮುಖ ನೋಡುತ್ತಿದ್ದಳು. ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ನಮ್ಮವ್ವ ನನ್ನಂಗೇ ಕಣ್ಲಾ. ಒಂದ್ಕಿತ ಸಿಕ್ಕಿದ್ ಜಾಗವ ಬುಡಾಕಿಲ್ಲ" ಎಂದು ನನ್ನ ಕಡೆ ತಿರುಗಿ ಹೇಳುತ್ತಿದ್ದರು. ನಾನು ಪೇಪರಿನ ಹಿಂದೆ ಹೂಂ ಎನ್ನುತ್ತಿದ್ದೆ. ಆ ಚಿಪ್ಪನ್ನು ನಾನೂ ಒಂದು ಸಲ ಬೋರಲು ಹಾಕಬೇಕೆಂದು ನನ್ನ ಕೈ ಎಷ್ಟು ತುರಿಸುತ್ತಿತ್ತೆಂದು ಯಾರಿಗೆ ಹೇಳಲಿ?

ನಾನು ಅವಳನ್ನು ಮೊದಲ ಸಲ ಎತ್ತಿಕೊಂಡದ್ದು ಉಕ್ಕುವ ಹಾಲಿನ ದೆಸೆಯಿಂದ. ಶಾಲೆ ಬಿಟ್ಟು ಬಂದಿದ್ದೆ, ಅಪ್ಪ ಇನ್ನೂ ಡಿಪೋದಲ್ಲಿದ್ದರು, ಅವ್ವ ಹಿತ್ತಿಲಲ್ಲಿ ಹಸುವಿನ ಹತ್ತಿರ. ಜಯಮ್ಮ ಅಡಿಗೆಮನೆಯ ಕಡೆ ನೋಡಿ "ಅಯ್ಯೋ ಹಾಲು! ಹಿಡೀರಿ ಇದನ್ನ" ಎಂದು ಮಗುವನ್ನು ನನ್ನ ಕೈಗೆ ತುರುಕಿ ಓಡಿದಳು. ಬಿಸಿ ಪಾತ್ರೆ ಹಿಡಿದವನ ಹಾಗೆ ಮೈಯಿಂದ ದೂರ ಹಿಡಿದುಕೊಂಡು ನಿಂತೆ. ಅವಳು ನನ್ನ ಮುಖವನ್ನು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ. ಹಣೆಯಿಂದ ಶುರುಮಾಡಿ ಗಲ್ಲದವರೆಗೆ ಒಂದೊಂದನ್ನೇ ನೋಡಿದಳು. ಆಮೇಲೆ ಜೇಬಿನ ಪೆನ್ನನ್ನು ಹಿಡಿದುಕೊಂಡು, ತಲೆಯನ್ನು ನನ್ನ ಎದೆಗೆ ಒರಗಿಸಿದಳು. ಹರಳೆಣ್ಣೆ, ಸಾಂಬ್ರಾಣಿ, ಹಾಲು ಎಲ್ಲ ಸೇರಿದ ವಾಸನೆ. ನನ್ನ ಕಣ್ಣು ತುಂಬಿಬಂತು ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಅಷ್ಟರಲ್ಲಿ ಗೇಟಿನ ಹತ್ತಿರ ಕೆಮ್ಮು ಕೇಳಿಸಿತು. ಮಗುವನ್ನು ದಬಕ್ಕನೆ ಚಾಪೆಯ ಮೇಲೆ ಇಳಿಸಿ ಪೇಪರು ಹಿಡಿದೆ. ಅಪ್ಪ ಬಂದರು. ಪೇಪರು ತಲೆಕೆಳಗಾಗಿತ್ತು. ಅಪ್ಪನಿಗೆ ಓದಲು ಬಾರದ್ದು ಆ ದಿನ ನನ್ನನ್ನು ಕಾಪಾಡಿತು ಎಂದುಕೊಂಡೆ.

ಆಮೇಲೆ ಅದು ದಿನದ ಪಾಠವಾಯಿತು. ಶಾಲೆ ಬಿಟ್ಟ ಕೂಡಲೇ ಓಡೋಡಿ ಬರುವುದು, ಜಯಮ್ಮ ಮಾತಿಲ್ಲದೆ ಮಗುವನ್ನು ಕೊಡುವುದು, ಅಪ್ಪ ಕೆಮ್ಮುವವರೆಗೆ ಎತ್ತಿಕೊಂಡು ನಡುಮನೆಯಲ್ಲಿ ಓಡಾಡುವುದು. ಕೆಮ್ಮು ಕೇಳಿಸಿದರೆ ಇಳಿಸುವುದು, ಪೇಪರು ಹಿಡಿಯುವುದು, ಅದೂ ನೆಟ್ಟಗೆ. ಅವ್ವ ಒಂದು ದಿನ ಹಾಲಿನ ಚೊಂಬು ಹಿಡಿದು ಹಿತ್ತಿಲ ಬಾಗಿಲಿಂದ ಎದುರಿಗೇ ಬಂದುಬಿಟ್ಟರು. ನಾನು ಕಲ್ಲಾದೆ. "ನಾನೇನೂ ನೋಡ್ನಿಲ್ಲ ಕಣಪ್ಪ, ನಂಗೆ ಕಣ್ಣು ಮಂಜು" ಎಂದು ಗೋಡೆಯ ಕಡೆ ಮುಖ ಮಾಡಿಕೊಂಡು ಹಾದುಹೋದರು. ಅಕ್ಕಿಯೊಳಗಿನ ಕಲ್ಲನ್ನು ಆಚೆ ಬಾಗಿಲಿಂದಲೇ ಕಾಣುವ ಅವ್ವ.

ಹೀಗೆ ಕೆಲವು ತಿಂಗಳು ಕಳೆಯಿತು. ಮಗು ಅಂಬೆಗಾಲಿಡುತ್ತಿತ್ತು, ಹಿಡಿದುಕೊಂಡು ಏಳಲು ನೋಡುತ್ತಿತ್ತು. ಒಂದು ಸಂಜೆ ಅಪ್ಪ ಕೆಮ್ಮಿದರು. ನಾನು ಇನ್ನೂ ಬಗ್ಗಿಯೇ ಇಲ್ಲ, ಅವಳು ನನ್ನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿಟಾರನೆ ಕಿರುಚಿದಳು. ಬೆರಳು ಬಿಡಿಸಿ ಇಳಿಸಿ ಕಂಬಕ್ಕೆ ಸೇರಿಕೊಂಡೆ. ಅಪ್ಪ ಗಾಬರಿಯಾಗಿ ಕಾಲು ಕೂಡ ತೊಳೆಯದೆ ಒಳಗೆ ಬಂದು "ಯಾಕವ್ವ, ಏನಾಯ್ತವ್ವ?" ಎಂದು ಎತ್ತಿಕೊಳ್ಳಹೋದರೆ ಇನ್ನೂ ಜೋರಾಗಿ ಅತ್ತಳು.

ಮಾರನೆಯ ದಿನವೂ ಹಾಗೇ ಆಯಿತು. ಅದರ ಮಾರನೆಯ ದಿನ ನಾನು ಮನೆಯಲ್ಲೇ ಇರಲಿಲ್ಲ, ಅವಳು ಅವ್ವನ ಮಡಿಲಲ್ಲಿದ್ದಳು. ಆದರೂ ಕೆಮ್ಮು ಕೇಳಿದೊಡನೆ ಅತ್ತಳಂತೆ. ನನಗೆ ತಟ್ಟನೆ ಅರ್ಥವಾಯಿತು. ಡಬ್ಬಿಯ ಮುಚ್ಚಳ ರಾಗಿಸರಿಯನ್ನು ತರುತ್ತದೆ, ತಾತನ ಕೆಮ್ಮು ನೆಲವನ್ನು ತರುತ್ತದೆ. ಕೆಮ್ಮಿದರೆ ಯಾರೋ ತನ್ನನ್ನು ಎದೆಯಿಂದ ಕಿತ್ತು ಕೆಳಗೆ ಹಾಕುತ್ತಾರೆ. ಹಾಗೆ ಹಾಕಿದವನು ನಾನು, ಪೆಟ್ಟು ಬಿದ್ದದ್ದು ಅಪ್ಪನಿಗೆ.

ಅಪ್ಪ ಮಂಕಾದರು. ಸಂಜೆ ಬಂದು ಕೈಕಾಲು ತೊಳೆದು, ದೂರದಿಂದಲೇ ಅವಳ ಮುಖ ನೋಡುವರು. ಅವಳ ತುಟಿ ಅದುರಿದರೆ ಮುಂದೆ ಬರುತ್ತಿರಲಿಲ್ಲ. ತೆಂಗಿನ ಚಿಪ್ಪುಗಳನ್ನು ಹಿಡಿದುಕೊಂಡು ಜಗಲಿಯ ಮೇಲೆ ಹೋಗಿ ಒಬ್ಬರೇ ಕೂರುತ್ತಿದ್ದರು. "ನಾ ಏನ್ ಮಾಡ್ದೆ ಅಂತ ನಮ್ಮವ್ವ ಇಂಗೆ ಎದರ್ಕತಳೆ?" ಎಂದು ಅವ್ವನನ್ನು ಕೇಳಿದ್ದು ನನಗೆ ಒಳಗೆ ಕೇಳಿಸಿತು.

"ಮಾವನವರಿಗೆ ಹೇಳ್ಬಿಡಿ" ಎಂದಳು ಜಯಮ್ಮ.

"ಏನಂತ?"

"ನಾನು ಎತ್ಕೊಂಡಿರ್ತೀನಿ, ನೀವು ಬಂದ ಕೂಡ್ಲೆ ಇಳಿಸ್ತೀನಿ, ಅದಕ್ಕೇ ಮಗು ಅಳೋದು ಅಂತ."

"ನಾನು ಎತ್ಕೊಂಡಿರ್ತೀನಿ ಅಂತ ಅಪ್ಪನ ಮುಂದೆ ನಿಂತು ಹೇಳಲಾ? ನಿನಗೇನು ತಲೆ ಕೆಟ್ಟಿದೆಯಾ?"

"ಹಾಗಾದ್ರೆ ಮಾವನವರು ಕೊರಗಲಿ ಬಿಡಿ" ಎಂದು ಅವಳು ಬೀಸುವ ಕಲ್ಲಿನ ಮುಂದೆ ಕೂತಳು. ಆ ದಿನ ರಾಗಿ ಬೀಸಿದ ಸದ್ದು ಎಂದಿಗಿಂತ ಜೋರಾಗಿತ್ತು.

ಹೇಳೋಣವೆಂದು ಜಗಲಿಯವರೆಗೆ ಹೋಗುತ್ತಿದ್ದೆ. ಅಪ್ಪ ತಿರುಗಿ "ಏನ್ಲಾ?" ಎನ್ನುತ್ತಿದ್ದರು. "ಏನಿಲ್ಲ, ನಾಳೆ ಶಾಲೆಗೆ ರಜಾ" ಎಂದು ಹಿಂದಿರುಗುತ್ತಿದ್ದೆ. ನನ್ನ ಬಾಯಿಂದ ಎಷ್ಟು ರಜಾ ಹೊರಟವೆಂದರೆ ಆ ತಿಂಗಳು ಶಾಲೆ ನಡೆದಿದ್ದೇ ಅಪ್ಪನಿಗೆ ಆಶ್ಚರ್ಯವಾಗಿರಬೇಕು.

ಒಂದು ಭಾನುವಾರ ಬೆಳಿಗ್ಗೆ ಕ್ಷೌರಿಕ ಬಂದಿದ್ದ. ಹಿತ್ತಿಲಲ್ಲಿ ಅಪ್ಪ ಅವನ ಮುಂದೆ ಕೂತಿದ್ದರು. ಎದ್ದು ಒಳಗೆ ಬಂದಾಗ ಅವ್ವ ಕೈಲಿದ್ದ ಮೊರವನ್ನು ಕೆಳಗೆ ಬಿಟ್ಟರು. ಅಪ್ಪನ ಮೀಸೆ ಇರಲಿಲ್ಲ. ಮೀಸೆ ಇದ್ದ ಜಾಗ ಬಿಳುಚಿಕೊಂಡು, ಮುಖವೆಲ್ಲ ಯಾರದೋ ಆಗಿತ್ತು.

"ಮೀಸೆ ಕಂಡು ಎದರ್ಕತದೆ ಕಣೆ ಕೂಸು" ಎಂದರು ಅಪ್ಪ, ತುಟಿಯನ್ನು ಟವಲಿನಿಂದ ಮುಚ್ಚಿಕೊಂಡು.

ನಮ್ಮಲ್ಲಿ ಗಂಡಸು ಮೀಸೆ ಬೋಳಿಸುವುದು ಹೆತ್ತವರು ಸತ್ತಾಗ, ಅಥವಾ ಹೆತ್ತವರಂಥ ಹಿರಿಯರು ಸತ್ತಾಗ ಮಾತ್ರ. ಮಧ್ಯಾಹ್ನದೊಳಗೆ ಬೀದಿಗೆಲ್ಲ ಸುದ್ದಿ ಮುಟ್ಟಿತು. ಒಬ್ಬೊಬ್ಬರೇ ಬಂದು ಜಗಲಿಯ ಮೇಲೆ ಕೂತು, ನಿಟ್ಟುಸಿರುಬಿಟ್ಟು, "ಯಾರು ಓದ್ರು ಗೌಡ್ರೆ?" ಎಂದು ಮೆಲ್ಲಗೆ ಕೇಳುತ್ತಿದ್ದರು. "ಯಾರೂ ಓಗ್ನಿಲ್ಲ ಕಣಪ್ಪ, ಕೂಸು ಎದರ್ಕತಿತ್ತು ಅಂತ ತೆಗೆಸ್ದೆ" ಎಂದು ಅಪ್ಪ ಎಲ್ಲರಿಗೂ ಅದನ್ನೇ ಹೇಳಿದರು. ಕೆಲವರು ನಕ್ಕರು, ಕೆಲವರು ಮುಖ ಮುಖ ನೋಡಿಕೊಂಡರು. ಸೂಲಗಿತ್ತಿ ಸಿದ್ದಪ್ಪ ಕೂಡ ನಕ್ಕ! ಅವನಿಗಾದರೂ ಬೆಲ್ಲದ ನೆಪವಿತ್ತು. ನಾನು ಕಂಬದ ಹತ್ತಿರ ನಿಂತು, ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎಂದುಕೊಂಡೆ. ನನ್ನ ನಾಚಿಕೆಯನ್ನು ನಾನು ಬಿಡಲಾರದೆ ಅಪ್ಪನನ್ನು ಇಡೀ ಕೊಪ್ಪಲಿನ ಮುಂದೆ ನಾಚಿಕೆಗೆ ಈಡುಮಾಡಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಅಷ್ಟು ಮಾಡಿ ಫಲವೇನು? ಮೀಸೆಯಿಲ್ಲದ ತಾತನನ್ನು ಸರೋಜ ಹೊಸಬನೆಂದು ತಿಳಿದು ಮೊದಲು ಬಿಟ್ಟಕಣ್ಣು ಬಿಟ್ಟುಕೊಂಡು ನೋಡಿದಳು. "ನಮ್ಮವ್ವ" ಎಂದ ಧ್ವನಿ ಕೇಳಿ, ಆ ಧ್ವನಿ ಈ ಮುಖದೊಳಗೆ ಹೇಗೆ ಬಂತೆಂದು ಹುಬ್ಬು ಗಂಟಿಕ್ಕಿದಳು. ಸಂಜೆ ಗೇಟಿನಲ್ಲಿ ಕೆಮ್ಮು ಕೇಳಿಸಿತು, ಅವಳು ಅತ್ತಳು.

ಮೂರ್ನಾಲ್ಕು ದಿನ ಕಳೆದಿರಬೇಕು, ಹಳ್ಳಿಯಿಂದ ದೊಡ್ಡಪ್ಪ ಬಂದಿಳಿದರು. ಅಪ್ಪನ ಅಣ್ಣ, ಅಪ್ಪನನ್ನು ಸಾಕಿ ಬೆಳೆಸಿದವರು. ಸಂತೆಯಲ್ಲಿ ಯಾರೋ ಅವರಿಗೆ, ನಿನ್ನ ತಮ್ಮ ಮೀಸೆ ತೆಗೆಸಿದ್ದಾನೆ ಎಂದು ಹೇಳಿದ್ದರಂತೆ. ಬಾಗಿಲಲ್ಲೇ ನಿಂತು ಗುಡುಗಿದರು.

"ನಾನಿನ್ನೂ ಬದ್ಕಿವ್ನಿ ಕಣ್ಲಾ! ನನ್ ಬುಟ್ಟು ಇನ್ಯಾವನು ಸತ್ತ ಅಂತ ಮೀಸೆ ಬೋಳ್ಸಿದ್ದೀಯ?"

ಅಪ್ಪ ಎದ್ದು ನಿಂತರು. ಮೊಮ್ಮಗಳನ್ನು ಕಂಡ ಗಂಡಸು, ಪಾಠ ಒಪ್ಪಿಸಲಾರದ ಹುಡುಗನ ಹಾಗೆ ತಲೆ ಬಗ್ಗಿಸಿದ್ದರು. "ಅಂಗಲ್ಲ ಕಣಣ್ಣ. ಕೂಸು ಎದರ್ಕತಿತ್ತು."

"ಮೀಸೆ ಕಂಡು ಎದರಿದ್ರೆ ಅದು ನಮ್ ಮನೆ ಕೂಸಾ? ತನ್ನಿ ಇಲ್ಲಿ."

ಅವ್ವ ಸರೋಜಳನ್ನು ತಂದು ದೊಡ್ಡಪ್ಪನ ಮಡಿಲಲ್ಲಿ ಕೂರಿಸಿದರು. ದೊಡ್ಡಪ್ಪನ ಮೀಸೆ ಅಪ್ಪನದಕ್ಕಿಂತ ದೊಡ್ಡದು, ಬಿಳಿಯದು, ಕೆನ್ನೆಯವರೆಗೂ ಹಬ್ಬಿಕೊಂಡದ್ದು. ಸರೋಜ ತಲೆಯೆತ್ತಿ ನೋಡಿದಳು. ಒಂದು ಕೈ ಹಾಕಿದಳು. ಇನ್ನೊಂದು ಕೈಯನ್ನೂ ಹಾಕಿ, ಎರಡೂ ತುದಿ ಹಿಡಿದು ಎಳೆದು ಗಹಗಹಿಸಿ ನಕ್ಕಳು. ದೊಡ್ಡಪ್ಪನ ಕಣ್ಣಲ್ಲಿ ನೀರು ಬಂತು, ಆದರೂ ಬಿಡಿಸಿಕೊಳ್ಳಲಿಲ್ಲ. "ನೋಡ್ಲಾ, ಎದರ್ಕತದಂತೆ!" ಎಂದರು.

ಅಪ್ಪನ ಮುಖವನ್ನು ನನಗೆ ನೋಡಲಾಗಲಿಲ್ಲ. ಮೀಸೆಯಲ್ಲ ಎಂದಾದರೆ ಇನ್ನು ಉಳಿದದ್ದು ತಾನೇ ಎಂದು ಅವರಿಗೆ ಅನ್ನಿಸಿರಬೇಕು. ಏನೋ ಹೇಳಲು ಹೋಗಿ ಕೆಮ್ಮಿದರು.

ಸರೋಜಳ ನಗು ನಿಂತಿತು. ಮೀಸೆ ಬಿಟ್ಟಳು. ದೊಡ್ಡಪ್ಪನ ಮಡಿಲಿಂದ ಜಾರಿ, ಅಳುತ್ತಾ, ಅವ್ವನನ್ನು ದಾಟಿ, ಚಾಚಿದ ಜಯಮ್ಮನ ಕೈಯನ್ನೂ ದಾಟಿ, ನಡುಮನೆಯ ಉದ್ದಕ್ಕೂ ಅಂಬೆಗಾಲಿಟ್ಟು ಕಂಬದ ಹತ್ತಿರ ಬಂದಳು. ನನ್ನ ಪಂಚೆ ಹಿಡಿದು ಎದ್ದು ನಿಂತಳು. ಎರಡು ಕೈಯಲ್ಲೂ ನನ್ನ ಮೊಣಕಾಲನ್ನು ತಬ್ಬಿ ಮುಖ ಒತ್ತಿಕೊಂಡಳು. ಅಪ್ಪ, ಅವ್ವ, ದೊಡ್ಡಪ್ಪ, ಎಲ್ಲರೂ ನೋಡುತ್ತಿದ್ದರು. ನನ್ನ ಕಿವಿ ಕಾದ ಹೆಂಚಾಯಿತು. ಹಾಳು ಪೇಪರು ಕೂಡ ಆ ಹೊತ್ತಿಗೆ ಕೈಲಿರಲಿಲ್ಲ.

"ಓಹೋಹೋ" ಎಂದರು ದೊಡ್ಡಪ್ಪ, ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾ. "ಎತ್ಕಂಡು ಅಭ್ಯಾಸ ಇಲ್ದಿದ್ರೆ ಇಂಗೆ ಬಂದು ತಬ್ಬುತದಾ? ಏನ್ ಮೇಷ್ಟ್ರೇ?"

"ನಾನೇನೂ ನೋಡ್ನಿಲ್ಲಪ್ಪ" ಎಂದರು ಅವ್ವ, ಯಾರೂ ಕೇಳದಿದ್ದರೂ.

"ಅವನ್ನ ಏನೂ ಅನ್ಬ್ಯಾಡ ಕಣಣ್ಣ" ಎಂದರು ಅಪ್ಪ. "ನಂಗೆ ಗೊತ್ತು. ಇಸ್ಕೂಲಿಂದ ಬಂದು ಕೂಸ್ನ ಎತ್ಕಂಡಿರ್ತಾನೆ. ಕೂಸು ಮನೆಗೆ ಬಂದಾಗ್ನಿಂದ್ಲೂ ಅದಕ್ಕೇ ನಾನು ಗೇಟ್ ತಾವ್ಲೇ ಕೆಮ್ಮೋದು, ಎತ್ಕಂಡಿದ್ರೆ ಇಳಿಸ್ಕಳ್ಳಿ ಅಂತ."

ನಾನು ತಲೆಯೆತ್ತಿದೆ. ಅಷ್ಟು ತಿಂಗಳು ನಾನು ಧೂಳಿನ ಕೆಮ್ಮು ಎಂದುಕೊಂಡದ್ದು! ಜ್ಯೇಷ್ಠಮಧು ತಂದುಕೊಟ್ಟದ್ದು!

ದೊಡ್ಡಪ್ಪ ಅಪ್ಪನ ಕಡೆ ತಿರುಗಿದರು. "ಅಂಗಾದ್ರೆ ಕೂಸು ಅಳೋದು ಕೆಮ್ಮಿಗೇ ಕಣ್ಲಾ, ದಡ್ಡ. ಕೆಮ್ಮೋದ್ ಬುಟ್ಟಿದ್ರೆ ಆಗ್ತಿತ್ತು. ಮೀಸೆ ಯಾಕ್ ತೆಗೆಸ್ದೆ?"

"ಕೆಮ್ಮೇ ಇರಬೈದು ಅಂತ ನಂಗೂ ಅನುಮಾನ ಇತ್ತು" ಎಂದರು ಅಪ್ಪ. "ಆದ್ರೆ ಕೆಮ್ದೆ ಎಂಗಣ್ಣ ಒಳಕ್ ಬರ್ಲಿ? ಎತ್ಕಂಡಿದ್ದಂಗೇ ನಾ ಕಂಡ್ಬುಟ್ರೆ ಇವ್ನು ನಾಚ್ಕತಾನೆ. ಆಮೇಲೆ ಆ ಕೂಸ್ನ ಮುಟ್ಟಾಕೇ ಇಲ್ಲ. ಮೊದ್ಲು ಮೀಸೆ ತೆಗೆದು ನೋಡನ ಅಂದ್ಕಂಡೆ. ಮೀಸೆ ಆದ್ರೆ ಬೆಳೀತದೆ."

ದೊಡ್ಡಪ್ಪ ತಮ್ಮ ಮೀಸೆಯನ್ನು ಒಮ್ಮೆ ಸವರಿಕೊಂಡು, "ನಡಿ, ಜಗಲಿ ಮ್ಯಾಲೆ ಕೂರನ, ಒಳಗೆ ಸೆಕೆ" ಎಂದು ಎದ್ದರು. ಇಬ್ಬರೂ ಹೊರಗೆ ಹೋದರು. ಒಳಗೆ ಸೆಕೆಯೇನೂ ಇರಲಿಲ್ಲ. ಅವ್ವ ಹಸುವಿನ ಹತ್ತಿರ ಹೋದರು, ಕರೆಯುವ ಹೊತ್ತು ಆಗಿರಲಿಲ್ಲ. ಸರೋಜ ಇನ್ನೂ ನನ್ನ ಕಾಲು ತಬ್ಬಿಕೊಂಡು ಬಿಕ್ಕುತ್ತಿದ್ದಳು. ನಾನು ಅವಳನ್ನು ಎತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತೆ.

ಮಾರನೆಯ ದಿನ ಬೆಳಿಗ್ಗೆಯೇ ದೊಡ್ಡಪ್ಪ ಊರಿಗೆ ಹೊರಟರು. ಸಂಜೆ ಶಾಲೆಯಿಂದ ಬಂದು ಮಗುವನ್ನು ಎತ್ತಿಕೊಂಡು ಓಡಾಡುತ್ತಿದ್ದೆ. ಅಪ್ಪ ಬರುವ ಹೊತ್ತಾಯಿತು. ಕೆಮ್ಮು ಕೇಳಿಸಲಿಲ್ಲ. ದೀಪ ಹಚ್ಚುವ ಹೊತ್ತೂ ಆಯಿತು, ಕೆಮ್ಮು ಇಲ್ಲ. ಡಿಪೋಗೆ ಗಾಡಿ ತಡವಾಗಿ ಬಂದಿರಬೇಕೆಂದುಕೊಂಡೆ. ಅಷ್ಟರಲ್ಲಿ ಬೀದಿಯಲ್ಲಿ ಯಾರದೋ ಧ್ವನಿ.

"ಯಾಕ್ ಗೌಡ್ರೆ, ಆಗ್ಲಿಂದ ಇಲ್ಲೇ ನಿಂತ್ಬುಟ್ಟಿದ್ದೀರಿ? ನಾ ಎಮ್ಮೆ ಒಡ್ಕಂಡ್ ಓಗುವಾಗ್ಲೂ ಇಲ್ಲೇ ನಿಂತಿದ್ರಿ."

"ಸುಮ್ಕೆ ಕಣಪ್ಪ" ಎಂದರು ಅಪ್ಪ.

ಕೆಮ್ಮಿದರೆ ಕೂಸು ಅಳುತ್ತದೆ, ಕೆಮ್ಮದೆ ಬಂದರೆ ಮಗ ನಾಚಿಕೊಳ್ಳುತ್ತಾನೆ. ದಿನವೆಲ್ಲ ಸೌದೆ ಹೊರಿಸಿ, ತೂಗಿಸಿ, ದಣಿದು ಬಂದ ಮನುಷ್ಯ ತನ್ನ ಮನೆಯ ಗೇಟಿನ ಹೊರಗೆ ನಿಂತಿದ್ದರು, ನಾನು ಮಗುವನ್ನು ಆಡಿಸಿ ಸಾಕಾಗಿ ಇಳಿಸುವವರೆಗೆ. ನನಗೆ ಆದ ನಾಚಿಕೆಯನ್ನು ಏನೆಂದು ಹೇಳಲಿ? ಅದರ ಮುಂದೆ ಅಷ್ಟು ದಿನ ನಾನು ನಾಚಿಕೆ ಎಂದು ಹೊತ್ತುಕೊಂಡು ತಿರುಗಿದ್ದು ಏನೂ ಅಲ್ಲ.

ಮಗುವನ್ನು ಇಳಿಸಲು ಬಗ್ಗಿದೆ. ಬಗ್ಗಿದವನು ಹಾಗೇ ಎದ್ದೆ. ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊಸಿಲು ದಾಟಿ, ಜಗಲಿ ಇಳಿದು, ಅಂಗಳಕ್ಕೆ ಬಂದೆ. ಎಮ್ಮೆಯವನು ಬಾಯಿ ತೆರೆದುಕೊಂಡು ನೋಡಿದ. ನಾವು ಬರುವುದನ್ನು ಕಂಡ ಅಪ್ಪ ಚಕ್ಕನೆ ಬೀದಿಯ ಕಡೆ ಮುಖ ತಿರುಗಿಸಿಕೊಂಡರು, ನಾನು ಇಳಿಸುವುದಿದ್ದರೆ ಇಳಿಸಲಿ ಎಂದು. ನಾನು ಗೇಟಿನವರೆಗೂ ಹೋದೆ. ಅಪ್ಪ ತಿರುಗಲಿಲ್ಲ. ಸರೋಜ ಮುಂದಕ್ಕೆ ಬಾಗಿ ಅವರ ಹೆಗಲ ಮೇಲಿನ ಟವಲಿನ ತುದಿ ಹಿಡಿದು ಎಳೆದಳು. ಮತ್ತೆ ಎಳೆದಳು. ಅಪ್ಪ ತಿರುಗಿ, ಮಗುವನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ; ಕೈ ಮಾತ್ರ ಸಡಿಲಿಸಲಿಲ್ಲ.